ಐದರ ಜೋಡಿ

ವಿಜಯನಗರದ ನಮ್ಮ ರೂಮಲ್ಲಿ ಶನಿವಾರ ಪೋಕರ್. ಸೋತವನು ದೋಸೆ ಕೊಡಿಸಬೇಕು, ಅಷ್ಟೇ. ಕೈಗೆ ಬಂದ ಎರಡೂ ಎಲೆ ಐದೇ ಅಂದ್ಕೊಳ್ಳಿ. ಫ್ಲಾಪ್‌ನ ಮೂರು ಎಲೆಗಳಲ್ಲಿ ಇನ್ನೊಂದು ಐದು ಸಿಗೋದು ನೂರಕ್ಕೆ ಸುಮಾರು 12 ಸಲ. ಹಾಗಾಗಿ ಮೊದಲು ಸ್ವಲ್ಪವೇ ಹಾಕಿ ನೋಡ್ತೀನಿ, ಅದೂ ಎದುರಿನವನ ಹತ್ರ ಗೆಲ್ಲೋಕೆ ಸಾಕಷ್ಟು ಚಿಪ್ಸ್ ಇದ್ರೆ. ಐದು ಬರಲಿಲ್ವಾ, ಫೋಲ್ಡ್. ಸೋತರೂ ನಿರ್ಧಾರ ಸರಿಯಾಗಿತ್ತು ಅಂತ ವಾದಿಸ್ತೀನಿ. ಕೌಶಲದ ಆಟ ಜೂಜಲ್ಲ ಅಂತ 2022ರಲ್ಲಿ ಹೈಕೋರ್ಟೇ ರಾಜ್ಯದ ಆನ್‌ಲೈನ್ ಆಟಗಳ ನಿಷೇಧವನ್ನು ರದ್ದು ಮಾಡಿತ್ತಲ್ಲ! (ಕೌಶಲವೋ ಅದೃಷ್ಟವೋ, ಆನ್‌ಲೈನಲ್ಲಿ ದುಡ್ಡಿಟ್ಟು ಆಡೋದೇ ಬೇಡ ಅಂತ 2025ರಲ್ಲಿ ಕೇಂದ್ರದ ಕಾಯ್ದೆ ಬಂತು, ಆ ಮಾತು ಬೇರೆ.)

ಊರಲ್ಲಿ ಅಪ್ಪ ಮೂರನೇ ಬೋರ್‌ವೆಲ್ ಕೊರೆಸಿದಾಗ ಮಾತ್ರ ‘ಇದು ಜೂಜಲ್ವೇನಪ್ಪಾ’ ಅಂತ ಫೋನಲ್ಲೇ ರೇಗಿದ್ದೆ. ಅಪ್ಪನೂ ಲೆಕ್ಕ ಹಾಕಿದ್ರು: ಪಕ್ಕದ ಹೊಲದಲ್ಲಿ ಎಷ್ಟು ಅಡಿಗೆ ನೀರು ಬಿತ್ತು, ತೋಟ ಇನ್ನೆಷ್ಟು ದಿನ ತಡೆಯುತ್ತೆ. ನೀರು ಬರಲಿಲ್ಲ. ಬರಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಅವರ ನಿರ್ಧಾರವೇ ತಪ್ಪು ಅಂದೆ. ನನ್ನ ಐದು ಬಾರದಿದ್ದಾಗ ನಾನು ಹಾಗೆ ಅಂದಿಲ್ಲ.

ನನಗೇನು, ಎಲೆ ಕೆಳಗಿಟ್ಟು ಮುಂದಿನ ಆಟಕ್ಕೆ ಕಾಯಬಹುದು. ಒಣಗ್ತಿರೋ ಅಡಿಕೆ ತೋಟವನ್ನ ಫೋಲ್ಡ್ ಮಾಡೋದು ಹೇಗೆ? ಅಪ್ಪ ಅವತ್ತು ಎದುರು ಮಾತಾಡಲಿಲ್ಲ. ‘ಊಟ ಆಯ್ತಾ ಮಗಾ’ ಅಂದ್ರು.