ಮುಟ್ಟದೆ ಸಾಕಬೇಕಾದ ಜೀವ

ಮಕ್ಕಳು ಪ್ರಾಣಿ ಬೇಕೆಂದು ಹಟ ಹಿಡಿಯುವ ವಯಸ್ಸಿಗೆ ಬಂದಾಗ ಅಮೆರಿಕದ ಕನ್ನಡ ಮನೆಗಳಲ್ಲಿ ಹೆಚ್ಚು ಕಡಿಮೆ ಒಂದೇ ಬಗೆಯ ಮಾತುಕತೆ ನಡೆಯುತ್ತದೆ. ಅಪಾರ್ಟ್‌ಮೆಂಟಿನವರು ನಾಯಿಗೆ ಒಪ್ಪುವುದಿಲ್ಲ. ಬೆಕ್ಕಿನ ಕೂದಲು ಮನೆಯಲ್ಲಿ ಯಾರಿಗೋ ಆಗುವುದಿಲ್ಲ. ಬೊಗಳದ, ವಾಸನೆ ಬಾರದ, ಹೊರಗೆ ತಿರುಗಾಡಿಸುವ ಕೆಲಸವಿಲ್ಲದ ಪ್ರಾಣಿ ಯಾವುದು ಎಂದು ಹುಡುಕುತ್ತ ಹೋದವರ ಕಣ್ಣಿಗೆ ಅಂಗಡಿಯ ಪಂಜರದಲ್ಲಿ ಹಸಿರು ಎಲೆಯ ಮೇಲೆ ಕೂತ ಊಸರವಳ್ಳಿ ಮರಿ ಬೀಳುತ್ತದೆ. ಬೆರಳುದ್ದದ ಮರಿ, ಒಂದು ಕಣ್ಣು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಮಗು ಅಲ್ಲಿಂದ ಕದಲುವುದಿಲ್ಲ.

ಷಿಕಾಗೋ ಹೊರವಲಯದ ನಮ್ಮ ಮನೆಯಲ್ಲಿ ಮಗಳು ಇಂಥ ಒಂದು ಜೀವವನ್ನು ಸಾಕುತ್ತಿದ್ದಾಳೆ. ಅದರ ಜೊತೆ ಬದುಕುತ್ತ ತಿಳಿದುಕೊಂಡದ್ದನ್ನು ನಮ್ಮ ಬಳಗದ ತಂದೆತಾಯಂದಿರಿಗೆ ಹೇಳಬೇಕೆಂದೇ ಈ ಲೇಖನ. ಊಸರವಳ್ಳಿ ಸುಲಭದ ಪ್ರಾಣಿಯಲ್ಲ. ಅದರಲ್ಲೂ ಮೊದಲ ಆರು ತಿಂಗಳು ಅದರ ಪ್ರಾಣ ಪೂರ್ತಿ ನಮ್ಮ ಎಚ್ಚರದ ಮೇಲೆ ನಿಂತಿರುತ್ತದೆ.

ಇಲ್ಲಿ ಹೆಚ್ಚಾಗಿ ಸಿಗುವುದು ವೇಲ್ಡ್ ಕ್ಯಾಮೆಲಿಯಾನ್ ಎಂಬ ಊಸರವಳ್ಳಿ. ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ ಇದರ ತವರು. ಮಡಗಾಸ್ಕರಿನ ಪ್ಯಾಂಥರ್ ಕ್ಯಾಮೆಲಿಯಾನ್ ಕೂಡ ಸಿಗುತ್ತದೆ. ನಮ್ಮ ಬಯಲುಸೀಮೆಯ ಬೇಲಿ, ಜಾಲಿಗಳ ಮೇಲೆ ಕಾಣುವ ಊಸರವಳ್ಳಿ ಇವುಗಳ ಬಂಧು, ಆದರೆ ಬೇರೆಯ ಪ್ರಭೇದ. ಅದಕ್ಕೆ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿಯುವುದೂ ಸಾಕುವುದೂ ಅಪರಾಧ. ರಜೆಗೆ ಊರಿಗೆ ಹೋದಾಗ ಇಲ್ಲಿಯ ಅಭ್ಯಾಸದಿಂದ ಅಲ್ಲಿಯ ಊಸರವಳ್ಳಿಗೆ ಕೈ ಹಾಕಬಾರದೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಈ ಪ್ರಾಣಿಯ ಆರೋಗ್ಯದ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಅದು ಕಾಯಿಲೆಯನ್ನು ಬಚ್ಚಿಡುತ್ತದೆ ಎಂಬುದು. ಕಾಡಿನಲ್ಲಿ ಬಳಲಿದಂತೆ ಕಂಡ ಹಲ್ಲಿ ಹಕ್ಕಿಗೋ ಹಾವಿಗೋ ಆಹಾರವಾಗುತ್ತದೆ. ಹಾಗಾಗಿ ಶಕ್ತಿ ಇರುವಷ್ಟು ದಿನವೂ ಅದು ನೆಟ್ಟಗೆ ಕೂತಿರುತ್ತದೆ. ನಮ್ಮ ಕಣ್ಣಿಗೆ ‘ಯಾಕೋ ಸರಿಯಿಲ್ಲ’ ಎಂದು ಕಾಣುವಾಗ ಕಾಯಿಲೆ ಬಲಿತಿರುತ್ತದೆ. ಪುಟ್ಟ ಮರಿಯ ಮೈಯಲ್ಲಿ ಕೂಡಿಟ್ಟ ಶಕ್ತಿಯೂ ಕಡಿಮೆ. ದೊಡ್ಡದು ವಾರವಿಡೀ ತಡೆದುಕೊಳ್ಳುವ ತೊಂದರೆಯನ್ನು ಮರಿ ಎರಡು ದಿನವೂ ತಾಳಲಾರದು.

ಎಲುಬು ಮತ್ತು ಬೆಳಕು

ಸಾಕಿದ ಊಸರವಳ್ಳಿ ಮರಿಗಳನ್ನು ಹೆಚ್ಚಾಗಿ ಕಾಡುವುದು ಎಲುಬಿನ ರೋಗ. ವೈದ್ಯರು ಇದನ್ನು ಮೆಟಬಾಲಿಕ್ ಬೋನ್ ಡಿಸೀಸ್ ಎನ್ನುತ್ತಾರೆ. ವೇಲ್ಡ್ ಮರಿ ವರ್ಷದೊಳಗೆ ಹೆಚ್ಚು ಕಡಿಮೆ ಪೂರ್ಣ ಗಾತ್ರಕ್ಕೆ ಬೆಳೆದುಬಿಡುತ್ತದೆ. ಅಷ್ಟು ಬೇಗ ಬೆಳೆಯುವ ಎಲುಬಿಗೆ ಕ್ಯಾಲ್ಸಿಯಂ ಬೇಕು. ನಾವು ಹಾಕುವ ಕ್ರಿಕೆಟ್ ಹುಳುಗಳಲ್ಲಿ ಕ್ಯಾಲ್ಸಿಯಂ ಕಡಿಮೆ, ರಂಜಕ ಹೆಚ್ಚು. ಇರಬೇಕಾದದ್ದು ರಂಜಕಕ್ಕಿಂತ ಎರಡು ಪಾಲು ಕ್ಯಾಲ್ಸಿಯಂ. ಕೊರತೆ ಬಿದ್ದಾಗ ದೇಹ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳತೊಡಗುತ್ತದೆ. ಕಾಲು ಬಿಲ್ಲಿನಂತೆ ಬಾಗುತ್ತದೆ, ದವಡೆ ಮೆತ್ತಗಾಗುತ್ತದೆ, ಕೊಂಬೆಯ ಹಿಡಿತ ಸಡಿಲವಾಗುತ್ತದೆ, ಮೈ ನಡುಗುತ್ತದೆ. ಮೈಯುದ್ದಕ್ಕಿಂತ ದೂರ ಚಿಮ್ಮುವ ನಾಲಿಗೆ ಹುಳುವನ್ನು ಮುಟ್ಟದೆ ಅರ್ಧದಲ್ಲೇ ನಿಲ್ಲುತ್ತದೆ, ಏಕೆಂದರೆ ಸ್ನಾಯು ಬಿಗಿಯುವುದಕ್ಕೂ ಕ್ಯಾಲ್ಸಿಯಂ ಬೇಕು. ಹೀಗೆ ಬಾಗಿದ ಎಲುಬು ಮತ್ತೆ ಪೂರ್ತಿ ನೇರವಾಗುವುದಿಲ್ಲ. ಬೇಗ ಗುರುತಿಸಿದರೆ ರೋಗ ಅಲ್ಲಿಗೆ ನಿಲ್ಲುತ್ತದೆ.

ಕ್ಯಾಲ್ಸಿಯಂ ಪುಡಿ ಉದುರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದು ಮೈಗೆ ಹತ್ತಲು ವಿಟಮಿನ್ ಡಿ3 ಬೇಕು, ಡಿ3 ತಯಾರಾಗಲು ಚರ್ಮಕ್ಕೆ ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣ ಬೀಳಬೇಕು. ಈ ಮಾತು ಉತ್ತರ ಅಮೆರಿಕದ ಕನ್ನಡಿಗರಿಗೆ ಹೊಸದಲ್ಲ. ಬಾಸ್ಟನ್ನಿನ ಚಳಿಗಾಲದಲ್ಲಿ, ನವೆಂಬರಿನಿಂದ ಫೆಬ್ರವರಿವರೆಗೆ, ಬಿಸಿಲು ಬಿದ್ದರೂ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದಿಲ್ಲ ಎಂದು ಅಲ್ಲಿಯ ವಿಜ್ಞಾನಿಗಳು 1988ರಲ್ಲೇ ತೋರಿಸಿದ್ದಾರೆ. ವೈದ್ಯರು ನಮಗೆ ಡಿ ಮಾತ್ರೆ ಬರೆದುಕೊಡುವುದರ ಹಿಂದಿರುವ ಕೊರತೆಯೇ ಪಂಜರದ ಮರಿಗೂ ಇರುವುದು. ಕಿಟಕಿಯ ಬಿಸಿಲಲ್ಲಿ ಇಟ್ಟರೆ ಸಾಕೆಂದು ಹಲವರು ತಿಳಿಯುತ್ತಾರೆ. ಗಾಜು ಶಾಖವನ್ನು ಒಳಗೆ ಬಿಡುತ್ತದೆ, ಯುವಿಬಿಯನ್ನು ತಡೆಯುತ್ತದೆ.

ಆದ್ದರಿಂದ ಉದ್ದನೆಯ ಟಿ5 ಯುವಿಬಿ ಟ್ಯೂಬ್ ದೀಪ ಹಾಕಿಸಲೇಬೇಕು. ಕಣ್ಣಿಗೆ ಉರಿಯುತ್ತಿರುವಂತೆ ಕಂಡರೂ ಅದರ ಯುವಿಬಿ ಕಾಲಕ್ರಮೇಣ ಕುಗ್ಗುತ್ತದೆ. ತಯಾರಕರು ಹೇಳಿದಂತೆ 6ರಿಂದ 12 ತಿಂಗಳಿಗೆ ಬದಲಿಸಬೇಕು. ದೀಪ ಹಾಕಿದ ದಿನಾಂಕವನ್ನು ಅದರ ಮೇಲೇ ಬರೆದಿಡಿ. ಬೆಳೆಯುವ ಮರಿಗೆ ಡಿ3 ಇಲ್ಲದ ಸಾದಾ ಕ್ಯಾಲ್ಸಿಯಂ ಪುಡಿಯನ್ನು ಹೆಚ್ಚು ಕಡಿಮೆ ಪ್ರತಿ ಊಟಕ್ಕೂ ಹುಳುಗಳ ಮೇಲೆ ತೆಳ್ಳಗೆ ಉದುರಿಸಬಹುದು. ಡಿ3 ಇರುವ ಪುಡಿ ಮತ್ತು ಮಲ್ಟಿವಿಟಮಿನ್ ತಿಂಗಳಿಗೆ ಒಂದೆರಡು ಸಲ ಸಾಕು. ಡಿ3 ಮತ್ತು ವಿಟಮಿನ್ ಎ ಮೈಯಲ್ಲಿ ಉಳಿದುಕೊಳ್ಳುವಂಥವು. ಕಡಿಮೆಯಾದರೂ ಅಪಾಯ, ಮಿತಿಮೀರಿದರೂ ಅಪಾಯ. ಅಳತೆಯನ್ನು ವೈದ್ಯರನ್ನು ಕೇಳಿಯೇ ನಿಶ್ಚಯಿಸಿಕೊಳ್ಳಿ.

ಶಾಖದ ವಿಷಯದಲ್ಲೂ ಮರಿಗೆ ಬೇರೆ ಲೆಕ್ಕ. ದೀಪದ ಕೆಳಗಿನ ಕೊಂಬೆಯಲ್ಲಿ 80ರಿಂದ 85 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 27ರಿಂದ 29 ಸೆಲ್ಸಿಯಸ್ ಇದ್ದರೆ ಸಾಕು. ಪಂಜರದ ಉಳಿದ ಭಾಗ ಅದಕ್ಕಿಂತ ತಂಪಾಗಿರಬೇಕು, ರಾತ್ರಿ ಇನ್ನಷ್ಟು ತಂಪಾಗಬೇಕು. ದೀಪ ತೀರ ಹತ್ತಿರವಿದ್ದರೆ ಬೆನ್ನಿನ ಮೇಲೆ ಸುಟ್ಟ ಗಾಯವಾಗುತ್ತದೆ. ಸುಡುತ್ತಿದ್ದರೂ ಮರಿ ಅಲ್ಲೇ ಕೂತಿರಬಹುದು.

ನೀರು ಮತ್ತು ಉಸಿರು

ಬಟ್ಟಲಲ್ಲಿ ನಿಂತ ನೀರನ್ನು ಸಾಮಾನ್ಯವಾಗಿ ಊಸರವಳ್ಳಿ ಗುರುತಿಸುವುದಿಲ್ಲ. ಅದು ಕುಡಿಯುವುದು ಎಲೆಯ ಮೇಲೆ ಹೊಳೆಯುವ ಹನಿಯನ್ನು. ಹನಿಹನಿಯಾಗಿ ನೀರು ತೊಟ್ಟಿಕ್ಕಿಸಬೇಕು, ಇಲ್ಲವೇ ಎಲೆಗಳು ತೋಯುವಂತೆ ನಿಧಾನವಾಗಿ ಸಿಂಪಡಿಸಬೇಕು. ನೀರು ಸಾಲದಿದ್ದರೆ ಕಣ್ಣುಗುಡ್ಡೆ ಒಳಸೇರಿದಂತೆ ಕಾಣುತ್ತದೆ. ಇನ್ನೊಂದು ಸುಳುಹು ಹಿಕ್ಕೆಯಲ್ಲಿದೆ: ಅದರ ಜೊತೆ ಬರುವ ಗಟ್ಟಿ ಮೂತ್ರದ ತುಣುಕು ಬೆಳ್ಳಗಿದ್ದರೆ ನೀರು ಸರಿಯಾಗಿದೆ, ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಬಾಯಾರಿದೆ. ಬಾಯಾರಿಕೆ ಬಹಳ ಕಾಲ ಮುಂದುವರಿದರೆ ಮೂತ್ರಪಿಂಡ ಕೆಡುತ್ತದೆ.

ನೀರು ಬೇಕೆಂದು ಪಂಜರವನ್ನು ಇಡೀ ದಿನ ಒದ್ದೆಯಾಗಿಡುವುದು ಇನ್ನೊಂದು ತಪ್ಪು. ಒದ್ದೆ, ಶಾಖ, ಆಡದ ಗಾಳಿ ಒಂದಾದ ಕಡೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಬಾಯಿ ತೆರೆದು ಮೂತಿ ಮೇಲೆತ್ತಿ ಉಸಿರಾಡುವುದು, ಉಸಿರಿನಲ್ಲಿ ಚಟಪಟ ಸದ್ದು, ಬಾಯಂಚಿನಲ್ಲಿ ಲೋಳೆ ಕಂಡರೆ ಅಂದೇ ವೈದ್ಯರ ಬಳಿಗೆ ಹೊರಡಬೇಕು. ಶಾಖ ಹೆಚ್ಚಾದಾಗ ತಂಪಿಗಾಗಿಯೂ ಅದು ಬಾಯಿ ತೆರೆಯುತ್ತದೆ. ದೀಪದಿಂದ ದೂರ, ತಣ್ಣನೆಯ ಜಾಗದಲ್ಲಿದ್ದಾಗಲೂ ತೆರೆದಿದ್ದರೆ ಅದು ಸೋಂಕಿನ ಲಕ್ಷಣ. ಬದಿಗೆಲ್ಲ ಜಾಲರಿಯಿರುವ ಪಂಜರ, ರಾತ್ರಿ ತೇವ, ಹಗಲು ಒಣಗಲು ಬಿಡುವು ಎಂಬ ಕ್ರಮ ಅದಕ್ಕೆ ಒಗ್ಗುತ್ತದೆ. ಚಳಿಗಾಲದಲ್ಲಿ ಹೀಟರ್ ಉರಿಯುವ ನಮ್ಮ ಮನೆಗಳ ಗಾಳಿ ತೀರ ಒಣಗಿರುತ್ತದೆ. ತೇವಾಂಶ ಅಳೆಯುವ ಸಣ್ಣ ಮೀಟರು ಪಂಜರದಲ್ಲಿರಲಿ.

ಊಟ, ಹೊಟ್ಟೆ, ಕಣ್ಣು

ಮರಿಗೆ ಹಾಕುವ ಹುಳು ಅದರ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ಹುಳುಗಳಿಗೂ ಮೊದಲು ಕ್ಯಾರೆಟ್, ಗೆಣಸು, ಸೊಪ್ಪು ತಿನ್ನಿಸಿರಬೇಕು. ಹುಳುವಿನ ಹೊಟ್ಟೆಯಲ್ಲಿದ್ದದ್ದೇ ಮರಿಯ ಹೊಟ್ಟೆಗೆ ಹೋಗುವುದು. ತಿಂದು ಉಳಿದ ಕ್ರಿಕೆಟ್ಟುಗಳನ್ನು ರಾತ್ರಿ ಪಂಜರದಲ್ಲಿ ಬಿಡಬೇಡಿ, ಮಲಗಿದ ಮರಿಯನ್ನು ಅವು ಕಚ್ಚುತ್ತವೆ. ನೆಲಕ್ಕೆ ತೊಗಟೆ ಚೂರು, ಮರಳು ಹಾಸುವುದೂ ಬೇಡ. ಹುಳುವಿನ ಜೊತೆ ಅದೂ ಬಾಯಿಗೆ ಹೋದರೆ ಕರುಳು ಕಟ್ಟಿಕೊಳ್ಳುತ್ತದೆ.

ಹಗಲು ಕಣ್ಣು ಮುಚ್ಚಿ ಕೂತ ಊಸರವಳ್ಳಿ ನಿದ್ದೆ ಮಾಡುತ್ತಿಲ್ಲ, ಅದಕ್ಕೆ ಹುಷಾರಿಲ್ಲ. ನಮ್ಮ ಮನೆಯಲ್ಲಿ ಇದನ್ನು ಮೊದಲು ಕಂಡವರು ಊರಿನಿಂದ ಬಂದಿದ್ದ ನಮ್ಮತ್ತೆ. ಮಧ್ಯಾಹ್ನ ಮಗಳು ಸ್ಕೂಲಿನಲ್ಲಿ, ನಾವು ಕೆಲಸದಲ್ಲಿ ಇರುವಾಗ ಅವರು ಪಂಜರದ ಎದುರಿನ ಕುರ್ಚಿಯಲ್ಲಿ ಹೂಬತ್ತಿ ಹೊಸೆಯುತ್ತ ಕೂರುತ್ತಿದ್ದರು. ಸಂಜೆ ಮಗಳು ಬಂದ ಕೂಡಲೆ ಹೇಳಿದರು: “ಪುಟ್ಟಿ, ನಿನ್ನ ಮರಿ ಇವತ್ತು ಹುಳುವಿನ ಕಡೆ ನೋಡ್ಲೇ ಇಲ್ಲ. ಕಣ್ಣು ಮುಚ್ಕೊಂಡೇ ಕೂತಿದೆ. ನನಗ್ಯಾಕೋ ಸರಿ ಕಾಣ್ತಿಲ್ಲ.” ವೈದ್ಯರು ಹಿಕ್ಕೆ ಪರೀಕ್ಷಿಸಿದಾಗ ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿ ಕಂಡಿತು. ಬಲು ಸೂಕ್ಷ್ಮ ಜೀವಿ. ಹಿಕ್ಕೆಯ ಮೂಲಕ ಹೊರಬಂದು ಎಲೆ, ಕೊಂಬೆಗಳಿಗೆ ಅಂಟಿ ಮತ್ತೆ ಅದೇ ಮರಿಯ ಹೊಟ್ಟೆ ಸೇರುತ್ತದೆ. ಔಷಧದಷ್ಟೇ ಪಂಜರದ ಶುದ್ಧಿಯೂ ಮುಖ್ಯವೆಂದು ವೈದ್ಯರು ಹೇಳಿದರು. ಗಿಡಗಳನ್ನು ತೆಗೆದು, ಹಿಕ್ಕೆಯನ್ನು ಬಿದ್ದಬಿದ್ದಂತೆ ಒರೆಸಿ, ಮೇಲಿಂದ ಮೇಲೆ ಪರೀಕ್ಷೆ ಮಾಡಿಸಿದ ಮೇಲೆ ಅದು ಚೇತರಿಸಿಕೊಂಡಿತು. ಒಂದು ದಿನ ತಡವಾಗದಂತೆ ಕಾಪಾಡಿದ್ದು ಅತ್ತೆಯವರ ನೋಟ.

ಇದರಿಂದ ಕಲಿತ ನಿಯಮವನ್ನು ಎಲ್ಲರಿಗೂ ಹೇಳುತ್ತೇನೆ. ಮರಿ ತಂದ ಮೊದಲ ವಾರಗಳಲ್ಲೇ ಹಿಕ್ಕೆ ಪರೀಕ್ಷೆ ಮಾಡಿಸಿ. ಅಡಿಗೆಮನೆಯದಲ್ಲದ ಬೇರೊಂದು ಗ್ರಾಂ ತಕ್ಕಡಿ ಕೊಂಡು ವಾರಕ್ಕೊಮ್ಮೆ ತೂಕ ಬರೆದಿಡಿ. ಬೆಳೆಯುವ ಮರಿಯ ತೂಕ ನಿಂತರೆ ಅದೇ ಎಚ್ಚರಿಕೆ. ತಿಂದದ್ದು, ಕುಡಿದದ್ದು, ಹಿಕ್ಕೆಯ ಬಣ್ಣ, ಕೊಂಬೆಯ ಹಿಡಿತ, ಈ ನಾಲ್ಕನ್ನು ದಿನವೂ ಗಮನಿಸುವ ಕೆಲಸ ಮಗುವಿನದಾಗಲಿ. ಮೈ ಬಣ್ಣವೂ ಮಾತಾಡುತ್ತದೆ. ಊಸರವಳ್ಳಿ ಬಣ್ಣ ಬದಲಿಸುವುದು ಹೆಚ್ಚಾಗಿ ಶಾಖ, ಭಯ, ಕೋಪ, ಆರೋಗ್ಯಗಳಿಗೆ ತಕ್ಕಂತೆ. ಚರ್ಮದ ಜೀವಕೋಶಗಳಲ್ಲಿರುವ ಅತಿ ಸಣ್ಣ ಹರಳುಗಳ ನಡುವಿನ ಅಂತರ ಬದಲಾಗುವುದರಿಂದ ಹೀಗಾಗುತ್ತದೆಂದು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಪ್ಯಾಂಥರ್ ಕ್ಯಾಮೆಲಿಯಾನಿನಲ್ಲಿ ಕಂಡುಹಿಡಿದರು. ಬೆಳಗ್ಗೆ ಶಾಖ ಹೀರಲು ಕಪ್ಪಾಗುವುದು ಸಹಜ. ಇಡೀ ದಿನ ಕಪ್ಪಾಗಿಯೇ ಇದ್ದರೆ ಏನೋ ಕಾಡುತ್ತಿದೆ.

ಕಾಡುವುದು ಎಷ್ಟೋ ಸಲ ನಮ್ಮ ಪ್ರೀತಿಯೇ. ಊಸರವಳ್ಳಿ ಒಂಟಿಜೀವಿ. ಜೊತೆಗಿರಲೆಂದು ಇನ್ನೊಂದನ್ನು ತಂದರೆ ಎರಡೂ ಸೊರಗುತ್ತವೆ. ಕೈಯಲ್ಲಿ ಹಿಡಿಯುವುದು, ಬಂದವರ ಭುಜದ ಮೇಲೆ ಕೂರಿಸಿ ಫೋಟೋ ತೆಗೆಯುವುದು ಅದಕ್ಕೆ ಹದ್ದಿನ ಕಾಲಿಗೆ ಸಿಕ್ಕಷ್ಟೇ ಭಯ. ಭಯ ಮುಂದುವರಿದರೆ ಊಟ ಬಿಡುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಪಂಜರವನ್ನು ನಮ್ಮ ಕಣ್ಣಿನ ಮಟ್ಟಕ್ಕಿಂತ ಎತ್ತರದಲ್ಲಿ, ಓಡಾಟ ಕಡಿಮೆ ಇರುವ ಮೂಲೆಯಲ್ಲಿಟ್ಟು ಒಳಗೆ ಅಡಗಲು ದಟ್ಟ ಎಲೆ ಕೊಡಬೇಕು. ಮುಟ್ಟದೆ ಪ್ರೀತಿಸಲು ಕಲಿತ ಮಗು ದೊಡ್ಡ ವಿಷಯವನ್ನೇ ಕಲಿತಿರುತ್ತದೆ.

ಹೆಣ್ಣು ಮರಿಯಾದರೆ

ವೇಲ್ಡ್ ಗಂಡು ಮರಿಗೆ ಹುಟ್ಟಿನಿಂದಲೇ ಹಿಂಗಾಲ ಹಿಮ್ಮಡಿಯಲ್ಲಿ ಸಣ್ಣ ಗುಬುಟು ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಇದನ್ನು ನೋಡಿಕೊಂಡೇ ತರಬೇಕು, ಏಕೆಂದರೆ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆಯಿಡುತ್ತದೆ. ಕೆಲವೇ ತಿಂಗಳ ವಯಸ್ಸಿಗೆ ಇದು ಶುರುವಾಗಬಹುದು. ಒಂದು ಸಲಕ್ಕೆ ಹತ್ತಾರು ಮೊಟ್ಟೆ. ಅಗೆದು ಮೊಟ್ಟೆಯಿಡಲು ಬೇರೊಂದು ತೊಟ್ಟಿಯಲ್ಲಿ ಸುಮಾರು 30 ಸೆಂಟಿಮೀಟರ್ ಆಳದ ತೇವದ ಮರಳು ಸಿಗದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಉಳಿದು ಪ್ರಾಣಕ್ಕೆ ಕುತ್ತು ತರುತ್ತದೆ. ಆಗ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಮೊದಲ ಬಾರಿಗೆ ಸಾಕುವವರು ಗಂಡನ್ನು ತರುವುದೇ ಕ್ಷೇಮ.

ಮನೆಯವರ ಆರೋಗ್ಯ

ಹಲ್ಲಿ, ಆಮೆ, ಹಾವುಗಳು ಆರೋಗ್ಯವಾಗಿದ್ದಾಗಲೂ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇಟ್ಟುಕೊಂಡಿರಬಹುದು. ಮಕ್ಕಳಿಗೆ ಸೋಂಕು ತಗಲುತ್ತಿದ್ದ ಕಾರಣ ಅಮೆರಿಕ ಸರ್ಕಾರ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನೇ ನಿಷೇಧಿಸಿತು. ಊಸರವಳ್ಳಿಗೂ ಇದೇ ಎಚ್ಚರ ಬೇಕು. ಪಂಜರ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಅದರ ಪಾತ್ರೆ, ಕೊಂಬೆಗಳನ್ನು ಅಡಿಗೆಮನೆಯ ಸಿಂಕಿಗೆ ತರಬಾರದು. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಇನ್ನೂ ಜಾಗ್ರತೆ ಬೇಕು. ಅವರು ನೋಡಲಿ, ಮುಟ್ಟುವುದು ಬೇಡ.

ಊರಿಗೆ ಹೊರಡುವಾಗ

ನಮ್ಮಂಥವರಿಗೇ ಇರುವ ಒಂದು ತೊಡಕೆಂದರೆ ಬೇಸಿಗೆ ರಜೆ. ತಿಂಗಳುಗಟ್ಟಲೆ ಊರಿಗೆ ಹೋಗುವ ನಾವು ಈ ಪ್ರಾಣಿಯನ್ನು ಯಾರ ಕೈಗೆ ಒಪ್ಪಿಸುವುದು? ನೆರೆಮನೆಯವರಿಗೆ ಬೀಗದ ಕೈ ಕೊಟ್ಟು ದಿನಕ್ಕೊಮ್ಮೆ ಹುಳು ಹಾಕಿ ಎಂದರೆ ಮರಿಯ ಮಟ್ಟಿಗೆ ಸಾಲದು. ದೀಪ, ನೀರು ತಾವಾಗಿ ನಡೆಯುವಂತೆ ಟೈಮರ್ ಇಟ್ಟರೂ ದಿನವೂ ನೋಡುವ ತಿಳಿದ ಕಣ್ಣು ಬೇಕು. ಮೊದಲ ವರ್ಷ ದೀರ್ಘ ಪ್ರಯಾಣವಿದ್ದರೆ ಮರಿ ತರುವುದನ್ನೇ ಮುಂದೂಡಿ. ಸಾಕಲಾಗದೆ ಹೋದರೆ ಮರದ ಮೇಲೆ ಬಿಟ್ಟುಬರುವುದು ದಯೆಯಲ್ಲ. ಷಿಕಾಗೋದ ಚಳಿಯಲ್ಲಿ ಅದು ಸಾಯುತ್ತದೆ. ಬೆಚ್ಚಗಿನ ಫ್ಲಾರಿಡಾದಲ್ಲಿ ಹೀಗೆ ಬಿಟ್ಟ ವೇಲ್ಡ್ ಕ್ಯಾಮೆಲಿಯಾನುಗಳು ನೆಲೆಯೂರಿವೆ, ಅಲ್ಲಿಯ ಜೀವಿಗಳಿಗೆ ಕಂಟಕವಾಗಬಹುದು. ಹವಾಯಿಯಲ್ಲಿ ಇದನ್ನು ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ.

ಚೆನ್ನಾಗಿ ಸಾಕಿದ ಗಂಡು ಆರೆಂಟು ವರ್ಷ, ಹೆಣ್ಣು ಸುಮಾರು ಐದು ವರ್ಷ ಬದುಕುತ್ತದೆ. ಅಂದರೆ ಮಿಡಲ್ ಸ್ಕೂಲಿನ ಮಗು ಕಾಲೇಜಿಗೆ ಹೊರಡುವವರೆಗೂ ಇರುವ ಹೊಣೆ ಇದು. ಆದ್ದರಿಂದ ನನ್ನ ವಿನಂತಿ ಇಷ್ಟೇ. ಮೊದಲು ಹತ್ತಿರದಲ್ಲಿ ಹಲ್ಲಿ, ಹಾವುಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯರನ್ನು ಹುಡುಕಿ. ಎಲ್ಲ ಪಶುವೈದ್ಯರೂ ಇವನ್ನು ನೋಡುವುದಿಲ್ಲ. ನಿಮ್ಮ ರಾಜ್ಯದ ನಿಯಮ ತಿಳಿದುಕೊಳ್ಳಿ. ಪಂಜರ, ದೀಪ, ನೀರಿನ ವ್ಯವಸ್ಥೆಯನ್ನು ಒಂದು ವಾರ ಖಾಲಿಯಾಗಿಯೇ ನಡೆಸಿ ಶಾಖ, ತೇವಾಂಶ ಸರಿಯಿದೆಯೇ ನೋಡಿ. ಕಾಡಿನಿಂದ ಹಿಡಿದದ್ದನ್ನು ಬಿಟ್ಟು, ಸಾಕಣೆಯಲ್ಲೇ ಹುಟ್ಟಿದ, ಕನಿಷ್ಠ ಮೂರು ತಿಂಗಳು ತುಂಬಿದ ಮರಿಯನ್ನೇ ಆರಿಸಿ. ಇಷ್ಟೂ ಆಗದೆ ಮಗುವಿಗೆ ‘ಆಗಲಿ’ ಎಂದು ಮಾತು ಕೊಡಬೇಡಿ.