ಎರಡು ಕಡೆಯ ಮುಂಗಡ

ಅಮೆರಿಕದ ಆಯ್ದ ಕಾಲೇಜುಗಳಲ್ಲಿ ಪ್ರವೇಶ ದೊರೆತ ವಿದ್ಯಾರ್ಥಿಯು ಮೇ 1ರೊಳಗೆ ಒಂದನ್ನು ಒಪ್ಪಿಕೊಳ್ಳಬೇಕೆಂಬುದು ಅಲ್ಲಿಯ ರೂಢಿ; ಅನೇಕ ಕಡೆ ಕೆಲವು ನೂರು ಡಾಲರುಗಳ ಮುಂಗಡವನ್ನೂ ಕಟ್ಟಬೇಕು. ಕಾಲೇಜಿನ ಹೆಸರಿಗಿಂತ, ಸಹಾಯಧನ ಕಳೆದು ಉಳಿಯುವ ವೆಚ್ಚವನ್ನೂ ಕಲಿಯಬೇಕೆಂದಿರುವ ವಿಷಯವನ್ನೂ ತೂಗಿ ನೋಡುವುದು ವಿವೇಕ. ತೂಗಿ ಮುಗಿಯದ ಕೆಲವು ಕುಟುಂಬಗಳು ಎರಡು ಕಾಲೇಜುಗಳಿಗೂ ಮುಂಗಡ ಕಟ್ಟಿ, ಬೇಸಿಗೆಯಲ್ಲಿ ಒಂದನ್ನು ಕೈಬಿಡುತ್ತವೆ. “ಹೋಗುವುದು ನಮ್ಮ ಹಣ ತಾನೆ, ದೋಷವೇನು?” ಎಂದು ಬಂಧುವೊಬ್ಬರು ನನ್ನನ್ನು ಕೇಳಿದರು.

ವ್ಯಾಪಾರಿಯ ಲೆಕ್ಕಕ್ಕೆ ಇದು ಸರಿಯೆಂದೇ ತೋರೀತು. ಆದರೆ ಮುಂಗಡವು ಸೇರುವುದು ಕಾಲೇಜಿಗೆ. ನಷ್ಟವಾಗುವುದು ಕಾಯುವವರ ಪಟ್ಟಿಯಲ್ಲಿರುವ ಅಪರಿಚಿತ ಬಾಲಕನಿಗೆ. ಸ್ಥಾನ ತೆರವಾಗುವ ವೇಳೆಗೆ ಅವನು ಬೇರೆಡೆ ಹಣ ಕಟ್ಟಿರುತ್ತಾನೆ, ಸಹಾಯಧನವೂ ಮುಗಿದಿರಬಹುದು. ತಾನು ಕೂರಲಾಗದ ಎರಡನೆಯ ಪೀಠವನ್ನು ಹಿಡಿದಿಡುವುದು ಪರಿಗ್ರಹವಲ್ಲದೆ ಮತ್ತೇನು?

ಕಾಲೇಜುಗಳೂ ನಿಷ್ಕಳಂಕವೆಂದಲ್ಲ. ಒಪ್ಪಿಗೆ ಕೊಟ್ಟ ವಿದ್ಯಾರ್ಥಿಯನ್ನು ಮೇ 1ರ ನಂತರ ಬೇರೊಂದು ಕಾಲೇಜು ಸೆಳೆಯಬಾರದೆಂಬ ನಿಯಮವನ್ನು ಅಲ್ಲಿಯ ಪ್ರವೇಶ ಸಲಹೆಗಾರರ ಸಂಘವು, ಸರಕಾರದ ನ್ಯಾಯ ಇಲಾಖೆಯ ಒತ್ತಡದಿಂದ 2019ರಲ್ಲಿ ಕೈಬಿಟ್ಟಿತು. 2024ರಲ್ಲಿ ಸರಕಾರಿ ಸಹಾಯಧನದ ಅರ್ಜಿಗಳು ವಿಳಂಬವಾದಾಗ ಅನೇಕ ಕಾಲೇಜುಗಳು ತಾವಾಗಿಯೇ ಗಡುವನ್ನು ಮುಂದೂಡಿದವು. ನಿಜವಾದ ಅಡಚಣೆಯಿದ್ದವನು ಕಾಲಾವಕಾಶ ಕೇಳಬಹುದು. ಕೇಳದೆ ಎರಡು ಕಡೆ ಮಾತು ಕೊಡುವುದು ಬೇರೆ.

ಬಂಧುವಿಗೆ ನನ್ನ ಹಳೆಯ ತಪ್ಪನ್ನೇ ಹೇಳಿದೆ. ಒಂದು ದೀಪಾವಳಿಗೆ ನಾನು ಇಬ್ಬರು ನೇಕಾರರಿಗೆ ಮುಂಗಡ ಕೊಟ್ಟು, ಒಬ್ಬನ ಮಾಲನ್ನು ಬಿಟ್ಟೆ. ಮುಂಗಡ ನೇಕಾರನಲ್ಲೇ ಉಳಿಯಿತು. ಅದೇ ಮಗ್ಗವನ್ನು ಕೇಳಿಬಂದು ಬರಿಗೈಯಲ್ಲಿ ಮರಳಿದ್ದ ಸಣ್ಣ ಅಂಗಡಿಯವನು ಹಬ್ಬದ ವಾರ ಸೀರೆಯಿಲ್ಲದೆ ಕುಳಿತಿದ್ದನೆಂಬುದು ಆಮೇಲೆ ತಿಳಿಯಿತು.