ಮೇಜಿನ ಮೇಲಿನ ಲೆಕ್ಕ

ಹಳೆಯ ಮರದ ಸಾಮಾನಿಗೆ ಮನೆಯಲ್ಲೇ ಹೊಸ ಕಳೆ ತರುವುದು ದೊಡ್ಡ ವಿದ್ಯೆಯೇನಲ್ಲ. ಚೂರು ಸೋಪು ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಜಿಡ್ಡು ಒರೆಸಬೇಕು. ಒಣಗಿದ ಮೇಲೆ 120ರ ಸ್ಯಾಂಡ್ ಪೇಪರಿನಲ್ಲಿ, ಆಮೇಲೆ 220ರದರಲ್ಲಿ, ಮರದ ಎಳೆ ಹೋದ ದಿಕ್ಕಿಗೇ ಉಜ್ಜಬೇಕು. ಕೊನೆಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಿದರೆ ಮುಗಿಯಿತು. ಪಾಂಡವರನ್ನು ಸುಡಲು ಕಟ್ಟಿದ ಮನೆಯ ಅರಗೇ ಇದು. ಕೊಂಬೆಗೆ ಅಂಟಿಕೊಂಡು ಬದುಕುವ ಪುಟ್ಟ ಕೀಟಗಳು ಸ್ರವಿಸಿದ್ದು. ಎಣ್ಣೆಯೇ ಬೇಕೆಂದರೆ ಅಗಸೆ ಎಣ್ಣೆ ಆಗಬಹುದು, ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಧೂಳು ಹಿಡಿಯುತ್ತದೆ. (ಅಗಸೆ ಎಣ್ಣೆಯ ಬಟ್ಟೆಯನ್ನು ಮುದುರಿ ಮೂಲೆಗೆಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ.)

ಖರ್ಚು ಕಡಿಮೆ, ಇನ್ನೊಂದು ಮರ ಉರುಳುವುದಿಲ್ಲ. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ. ನನ್ನನ್ನು ಕಾಡುವುದು ಆ ಸ್ಯಾಂಡ್ ಪೇಪರ್. ಕೊಳೆ ಯಾವುದು, ಗುರುತು ಯಾವುದು ಎಂದು ಅದಕ್ಕೆ ತಿಳಿಯದು. ಏನನ್ನು ಅಳಿಸಬಹುದು ಎಂದು ಹೇಳುವ ಹಕ್ಕು ಯಾರದು?

ನಮ್ಮಜ್ಜ ಹಲಸಿನ ಮರದ ಮೇಜೊಂದರ ಮೇಲೆ ಅಡಿಕೆ ಲೆಕ್ಕ ಬರೆಯುತ್ತಿದ್ದರು. ಮಂಡಿಗೆ ಒಂದು ಪ್ರತಿ, ಮನೆಗೆ ಒಂದು. ನಡುವೆ ಕಾರ್ಬನ್ ಕಾಗದ ಇಟ್ಟು ಬಾಲ್ ಪೆನ್ನನ್ನು ಒತ್ತಿ ಒತ್ತಿ ಬರೆದದ್ದರಿಂದ ಅಂಕಿಗಳು ಕಾಗದ ದಾಟಿ ಮರಕ್ಕೂ ಇಳಿದಿವೆ. ಒಂದರ ಮೇಲೊಂದು ಬಿದ್ದು ಈಗ ಯಾವುದೂ ಓದಲು ಬರುವುದಿಲ್ಲ. ಆದರೂ ಕಿಟಕಿಯ ಓರೆ ಬೆಳಕಿನಲ್ಲಿ ನೋಡಿದರೆ ಒಬ್ಬ ಮನುಷ್ಯನ ನಲವತ್ತು ವರ್ಷದ ಆತಂಕ ಅಲ್ಲಿದೆ ಅನಿಸುತ್ತದೆ. ಆ ಮೇಜು ಈಗ ಊರಿನಲ್ಲಿ ಅಕ್ಕನ ಮನೆಯಲ್ಲಿದೆ. ಅವಳ ಮಗಳು ಅದರ ಮೇಲೆ ಓದುತ್ತಾಳೆ. ಬರೆಯುವಾಗ ಪೆನ್ನು ಹಳ್ಳಕ್ಕೆ ಬಿದ್ದು ಕಾಗದ ತೂತಾಗುತ್ತದೆ. ಉಜ್ಜಿಸಿಬಿಡೋಣ ಎಂದಳು ಅಕ್ಕ. ನಾನು ಬೇಡವೆಂದೆ. "ನಿಂಗೆ ಅಜ್ಜನ ನೆನಪು, ಅವಳಿಗೆ ಪರೀಕ್ಷೆ. ಅಷ್ಟು ಬೇಕಿದ್ರೆ ಬೆಂಗಳೂರಿಗೆ ತಗೊಂಡು ಹೋಗು ಮಾರಾಯ" ಎಂದಳು. ನನ್ನ ಬಾಡಿಗೆ ಮನೆಯಲ್ಲಿ ಅದಕ್ಕೆ ಜಾಗವಿಲ್ಲ ಎಂಬುದು ಅವಳಿಗೂ ಗೊತ್ತು.

ಇಂಥ ಕಡೆ ತತ್ತ್ವಶಾಸ್ತ್ರ ಓದಿದವರು ಥೀಸಿಯಸ್ಸನ ಹಡಗನ್ನು ತರುತ್ತಾರೆ. ಅಥೆನ್ಸಿನವರು ಕೊಳೆತ ಹಲಗೆಗಳನ್ನು ತೆಗೆದು ಹೊಸದನ್ನು ಕೂಡಿಸುತ್ತಾ ಹೋದರು. ಅದು ಅದೇ ಹಡಗೋ ಅಲ್ಲವೋ ಎಂದು ತತ್ತ್ವಜ್ಞಾನಿಗಳು ವಾದಿಸಿದರು ಎಂದು ಪ್ಲೂಟಾರ್ಕ್ ಬರೆದಿದ್ದಾನೆ. 1655ರಲ್ಲಿ ಹಾಬ್ಸ್ ಇನ್ನೊಂದು ಗಂಟು ಹಾಕಿದ: ತೆಗೆದ ಹಲಗೆಗಳನ್ನೆಲ್ಲ ಕೂಡಿಟ್ಟು ಮತ್ತೊಂದು ಹಡಗು ಕಟ್ಟಿದರೆ ಯಾವುದು ನಿಜವಾದದ್ದು? ಒಗಟು ಚೆನ್ನಾಗಿದೆ. ಆದರೆ ಒಗಟು ಹೇಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಪ್ಲೇಟೋ ಹೇಳುವ ಪ್ರಕಾರ ಅಥೆನ್ಸಿನವರು ಥೀಸಿಯಸ್ಸನದೆಂದು ನಂಬಿದ್ದ ಹಡಗನ್ನು ಡೆಲೋಸ್ ದ್ವೀಪಕ್ಕೆ ಪ್ರತಿವರ್ಷ ಕಳಿಸುತ್ತಿದ್ದರು. ಅದು ಮರಳುವವರೆಗೆ ಸಾಕ್ರಟೀಸನ ಮರಣದಂಡನೆಯೂ ತಡೆದು ನಿಂತಿತ್ತು. ಅಂದರೆ ಅದು ಕೆಲಸದ ಹಡಗು. ನೀರಿಗೆ ಇಳಿಯಬೇಕಾದ್ದರಿಂದಲೇ ಹಲಗೆ ಬದಲಾಯಿತು.

ಅಕ್ಕನ ವಾದವೂ ಇದೇ, ಹಡಗಿನ ಹೆಸರು ಎತ್ತಲಿಲ್ಲ ಅಷ್ಟೆ. ಕೆಲಸಕ್ಕೆ ಬಾರದ ಸಾಮಾನು ಅಟ್ಟ ಸೇರುತ್ತದೆ, ಅಟ್ಟದಲ್ಲಿ ಅದನ್ನು ಗೆದ್ದಲು ನೋಡಿಕೊಳ್ಳುತ್ತದೆ. ಇನ್ನು ನನ್ನ ಕೋರಿಕೆಯಲ್ಲಿ ಒಂದು ಅನುಕೂಲವೂ ಅಡಗಿದೆ. ವರ್ಷಕ್ಕೆರಡು ಸಲ ಹೋಗಿ ಸವರಿ ಬರುವುದು ನಾನು, ದಿನವೂ ಕಾಗದ ಹರಿದುಕೊಳ್ಳುವುದು ಆ ಹುಡುಗಿ. ನನ್ನ ನೆನಪಿನ ಬಾಡಿಗೆಯನ್ನು ಅವಳು ಕಟ್ಟಬೇಕೆ? ಹಾಗೆ ನೋಡಿದರೆ ಬಳಸುವವರ ಹಕ್ಕೇ ದೊಡ್ಡದು ಎಂದು ನನಗನ್ನಿಸುತ್ತದೆ.

ಆದರೆ ಏನೂ ಹೋಗಲಿಲ್ಲ ಎಂದು ನಟಿಸುವುದನ್ನು ಮಾತ್ರ ಒಪ್ಪಲಾರೆ. "ಹೊಚ್ಚಹೊಸದರಂತೆ" ಎಂಬ ಹೊಗಳಿಕೆಯಲ್ಲಿ ಆ ನಟನೆ ಇದೆ. ಹಲಸಿನ ಮರವನ್ನು ಉಜ್ಜಿದರೆ ಒಳಗಿನ ಹಳದಿ ಹೊರಬರುತ್ತದೆ. ಬೆಳಕಿಗೆ ಅದು ಮತ್ತೆ ಕಂದುಗಟ್ಟುತ್ತದೆ, ಮರ ತನ್ನ ವಯಸ್ಸನ್ನು ತಾನೇ ಮರಳಿ ಪಡೆಯುತ್ತದೆ. ಅಂಕಿಗಳು ಹಾಗೆ ಮರಳುವುದಿಲ್ಲ. ನಮ್ಮ ಕೌದಿ ಹೊಲಿಯುವ ಹೆಂಗಸರಿಗೆ ಈ ಇಕ್ಕಟ್ಟು ಚೆನ್ನಾಗಿ ಗೊತ್ತಿತ್ತು. ಹಳೆಯ ಸೀರೆಯನ್ನು ಅವರು ಸೀರೆಯಾಗಿ ಉಳಿಸಲು ಹೋಗಲಿಲ್ಲ, ಕತ್ತರಿಸಿದರು. ಆದರೂ ಇದು ಅಮ್ಮನದು, ಇದು ಅತ್ತೆಯದು ಎಂದು ತುಂಡುಗಳ ಮೇಲೆ ಬೆರಳಿಟ್ಟು ಹೇಳಬಹುದಿತ್ತು. ಪರಿಸರಸ್ನೇಹಿ ಎಂಬ ಬಿರುದು ಆಗ ಯಾರಿಗೂ ಸಿಗಲಿಲ್ಲ. ಅದನ್ನು ಬಡತನ ಎನ್ನುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಮೇಜನ್ನು ಉಜ್ಜಿದೆವು, ನಾನೂ ಸೇರಿ. ಸ್ಯಾಂಡ್ ಪೇಪರಿಗೆ ಸಿಕ್ಕಷ್ಟು ಹೋಯಿತು. ಆಳದವು ಉಳಿದವು, ಅವನ್ನು ತೆಗೆಯಲು ಹತ್ತರಿ ಹೊಡೆಯಬೇಕಿತ್ತು. ಅಷ್ಟು ಬೇಡ ಎಂದವಳು ಅಕ್ಕನ ಮಗಳೇ. ಬರೆಯುವಾಗ ಈಗ ಪುಸ್ತಕದ ಕೆಳಗೆ ಒಂದು ರಟ್ಟು ಇಟ್ಟುಕೊಳ್ಳುತ್ತಾಳೆ.